ಮನೆ ತಿಂದ ಗುಳಿಗೆ

ಸೋಮವಾರದ ಪೂಜೆ ಮುಗಿಸಿ ದಾನವ್ವ ಎಲ್ಲರ ಅಂಗೈಗೂ ಕೊಬ್ಬರಿ ಸಕ್ಕರೆ ಹಾಕಿದಳು. ಅದರ ಹಿಂದೆಯೇ ದೇವರ ಮುಂದಿಟ್ಟಿದ್ದ ಗುಳಿಗೆಯ ಪಟ್ಟಿಯನ್ನು ಎತ್ತಿಕೊಂಡು ನಾಲ್ಕನ್ನೂ ಒತ್ತಿ ತೆಗೆದಳು. ಸೊಸೆ ಶಿವಕುಮಾರಿಗೆಂದು ಡಾಕ್ಟರು ಬರೆದುಕೊಟ್ಟಿದ್ದ ಗುಳಿಗೆ ಅವು. ಒಂದು ಗಂಡ ಶೆಟ್ಟೆಪ್ಪನಿಗೆ ಹೋಯಿತು, ಒಂದು ಮಗ ಕಾಶಿನಾಥನಿಗೆ, ಒಂದು ಮಗಳು ವೈಶಾಲಿಗೆ. ಉಳಿದದ್ದು ಸೊಸೆಗೆ.

"ಅತ್ತೀ, ಅವು ನನಗ ಕೊಟ್ಟಿದ್ದು," ಎಂದಳು ಶಿವಕುಮಾರಿ. "ವಾರಕ್ಕ ಒಂದು ನುಂಗಬೇಕಂತ ಹೇಳ್ಯಾರ. ನಾಲ್ಕು ಅಂದ್ರ ನಾಲ್ಕು ವಾರದ್ದು."

"ನಿನಗೂ ಒಂದ್ ಕೊಟ್ಟೀನಲ್ಲ? ಬಿಟ್ಟೀನೇನು ನಿನ್ನ?"

"ಹಂಗಲ್ಲ ಅತ್ತೀ, ಡಾಕ್ಟರು—"

"ಡಾಕ್ಟರ್‌ಗೇನ ಗೊತ್ತು ನಮ್ಮ ಮನಿ ಪದ್ಧತಿ? ಬಂದದ್ದು ಎಲ್ಲಾರೂ ಹಂಚ್ಕೊಂಡು ತಿನ್ನೂದು. ಒಬ್ಬಾಕಿನ ಮೂಲ್ಯಾಗ ನಿಂತು ತಿನ್ನೂದು ನಮ್ಮಲ್ಲಿ ಇಲ್ಲ. ನಾ ಒಂದರೆ ಬಾಯಾಗ ಹಾಕ್ಕೊಂಡೇನೇನು, ನೋಡು!"

ನಿಜ, ದಾನವ್ವ ಒಂದನ್ನೂ ತೆಗೆದುಕೊಂಡಿರಲಿಲ್ಲ. ಆಕೆಗೆ ಅದೇ ಹೆಮ್ಮೆ.

"ನನ್ನ ಮೊಣಕಾಲಿಗೂ ಇದ ಬೇಕಂತ. ಗಾರ್ಡನ್ನಾಗ ಎಲ್ಲಾ ಮುದುಕರೂ ಇದನ್ನ ನುಂಗ್ತಾರ," ಎಂದ ಶೆಟ್ಟೆಪ್ಪ.

"ವಿಟಮಿನ್ ಡೀ ನಾ ಇದು? ನಮ್ಮ ಆಫೀಸ್ನಾಗ ಸಬ್ ಕಾ ಲೋ ಐತಿ," ಎಂದಳು ವೈಶಾಲಿ, ಒಂದು ಕೈಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ. "ಸೂರ್ಯ ಅಂದ್ರ ನಾವು ಕಂಪ್ಯೂಟರ್ ವಾಲ್‌ಪೇಪರ್‌ನಾಗ ನೋಡೂದು, ಬಸ್."

ಶಿವಕುಮಾರಿ ಗಂಡನ ಕಡೆ ನೋಡಿದಳು. ಡಾಕ್ಟರು ಹೇಳಿದ್ದನ್ನು ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದವನು ಅವನೇ. ಕಾಶಿನಾಥ ಮೊಬೈಲ್ ನೋಡುತ್ತಲೇ ಗುಳಿಗೆ ನುಂಗಿ ನೀರು ಕುಡಿದು ಲೋಟ ಅವಳ ಕೈಗೆ ಕೊಟ್ಟ.

ದೀಪಾವಳಿಯ ನಂತರ ಶುರುವಾದ ಪಿತ್ತದ ಗಂಧೆ ಅವಳದು. ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವಾಗ ಅಂಗೈ ಉಬ್ಬಿ ಬೆರಳು ಮಡಚಲು ಬಾರದು. ಮಧ್ಯಾಹ್ನ ಲಾಡಿ ಕಟ್ಟಿದಲ್ಲಿ ಸೊಂಟದ ಸುತ್ತ ಕೆಂಪು ದದ್ದು. ಸಂಜೆ ಅವು ಮಾಯವಾಗಿ ಕುತ್ತಿಗೆಗೆ, ತೊಡೆಗೆ, ಒಮ್ಮೊಮ್ಮೆ ತುಟಿಗೆ. ಯಾರಿಗಾದರೂ ತೋರಿಸೋಣವೆಂದರೆ ಅಷ್ಟರಲ್ಲಿ ಇಳಿದಿರುತ್ತಿತ್ತು. ಅದಕ್ಕೇ ಮನೆಯವರು ಅರ್ಧ ನಂಬುತ್ತಿರಲಿಲ್ಲ.

ವಿಕ್ರೋಳಿಯ ಪಾರ್ಕ್‌ಸೈಟ್ ಗುಡ್ಡದ ಮೇಲಿನ ಬಿಲ್ಡಿಂಗಿನಲ್ಲಿ ಎರಡು ಖೋಲಿಯ ಮನೆ. ಶೆಟ್ಟೆಪ್ಪ ವಿಜಾಪುರದ ಇಂಡಿ ಕಡೆಯಿಂದ ಹರೆಯದಲ್ಲಿ ಬಂದು, ಕೆಳಗಿನ ಕಾರ್ಖಾನೆಯಲ್ಲಿ ದುಡಿದು ಮಾಡಿಕೊಂಡದ್ದು. ಎದುರಿಗೆ ಟವರ್ ಎದ್ದ ಮೇಲೆ ಗ್ಯಾಲರಿಗೆ ಬಿಸಿಲು ಬೀಳುವುದಿಲ್ಲ, ಹಗಲಿಗೂ ಟ್ಯೂಬ್‌ಲೈಟ್. ಕಾಶಿನಾಥ ವಡಾಲದ ಗೋದಾಮಿಗೂ ವೈಶಾಲಿ ಪವಾಯಿಯ ಆಫೀಸಿಗೂ ಹೋದರೆ ರಾತ್ರಿಯೇ ಬರುವುದು. ಶಿವಕುಮಾರಿ ಹೊರಗೆ ಹೋಗುವುದು ಮಗಳು ನೇತ್ರಾಳನ್ನು ಒಂದನೇ ಕ್ಲಾಸಿಗೆ ಬಿಟ್ಟು ಬರುವಷ್ಟು ಹೊತ್ತು ಮಾತ್ರ.

ಸ್ಟೇಷನ್ ಹತ್ತಿರದ ಚರ್ಮದ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು. ದಿನಾ ಒಂದು ಗಂಧೆಯ ಮಾತ್ರೆ, ತಪ್ಪಿಸುವಂತಿಲ್ಲ. ರಕ್ತದಲ್ಲಿ ವಿಟಮಿನ್ ಡಿ ಬಹಳ ಕಡಿಮೆಯಿದೆ, ಅದಕ್ಕೆ ವಾರಕ್ಕೊಂದು ದೊಡ್ಡ ಗುಳಿಗೆ. "ಕೆಲವರಿಗೆ ಇದರಿಂದ ಗಂಧೆಯೂ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ. ಆದರೆ ಇಷ್ಟು ಕಡಿಮೆ ಇದ್ದದ್ದನ್ನು ತುಂಬಲೇಬೇಕು," ಎಂದು ಹಿಂದಿಯಲ್ಲಿ ಹೇಳಿ, ಎರಡು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದ್ದರು.

ಮುಂದಿನ ಸೋಮವಾರ ಕೊಬ್ಬರಿ ಸಕ್ಕರೆ ಮಾತ್ರ ಬಂತು.

"ಗುಳಿಗಿ?" ಎಂದಳು ಶಿವಕುಮಾರಿ.

"ತೀರಿದ್ವಲ್ಲ. ತಿಂಗಳಾ ಆಗ್ಲಿ, ಮತ್ತ ತರ್ತಾನ."

"ನೀವಾರ ಹೇಳ್ರಿ," ಎಂದಳು ಗಂಡನಿಗೆ, ಒಳಖೋಲಿಯಲ್ಲಿ.

"ಏ, ಅದೊಂದು ಗುಳಿಗಿ ಸಲುವಾಗಿ ಅವ್ವನ ಜೋಡಿ ಜಗಳಾ ತಗೀಲೇನು ನಾ? ಸಾಯಂಕಾಲ ಒಂದು ಪಟ್ಟಿ ತರ್ತೀನಿ ಬಿಡು."

ಸಾಯಂಕಾಲ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವಳು ಮೆಡಿಕಲ್ ಸ್ಟೋರಿಗೆ ತಾನೇ ಹೋಗಬಹುದಿತ್ತು. ಚೀಟಿ ಅತ್ತೆಯ ಟ್ರಂಕಿನಲ್ಲಿತ್ತು, ಟ್ರಂಕಿನ ಕೀಲಿ ಅತ್ತೆಯ ಸೊಂಟದಲ್ಲಿತ್ತು. ತಿಂಗಳಾದ ಮೇಲೆ ಕಾಶಿನಾಥ ತಂದ ಎರಡನೆಯ ಪಟ್ಟಿಯನ್ನು ತಾಯಿಯ ಕೈಗೇ ಕೊಟ್ಟ. ಅದೂ ಮೊದಲಿನ ಹಾಗೆಯೇ ನಾಲ್ಕು ಬಾಯಿಗೆ ಹೋಯಿತು.

ಗುಳಿಗೆ ಹಂಚಿದವಳು ಪಥ್ಯವನ್ನು ಮಾತ್ರ ಹಂಚಲಿಲ್ಲ. ಅದು ಶಿವಕುಮಾರಿ ಒಬ್ಬಳಿಗೇ. ಶೇಂಗಾ ಬಂದ್, ಬದನೆಕಾಯಿ ಬಂದ್, ಮೊಸರು ಬಂದ್, ತುಪ್ಪ, ಎಣ್ಣೆ, ಒಗ್ಗರಣೆ ಎಲ್ಲ ಬಂದ್. ಎಲ್ಲರಿಗೂ ಎಣ್ಣೆಗಾಯಿ ಬಡಿಸಿ ಕೊನೆಗೆ ತಾನು ಉಣ್ಣಲು ಕೂತಾಗ ತಾಟಿನಲ್ಲಿ ಗಂಜಿ, ಉಪ್ಪು.

"ಡಾಕ್ಟರು ಏನೂ ಬಿಡಬ್ಯಾಡ ಅಂದಾರ," ಎಂದರೆ, "ನಂಜು ಅನ್ನೂದು ಡಾಕ್ಟರ್ ಕಣ್ಣಿಗೆ ಕಾಣಂಗಿಲ್ಲ," ಎನ್ನುವಳು ದಾನವ್ವ.

ಊರಿನಿಂದ ತಂದ ಕಂಬಳಿಯ ತುಂಡೊಂದಿತ್ತು. ಗಂಧೆ ಎದ್ದಾಗ ಅದರಿಂದ ತಿಕ್ಕಿದರೆ ಪಿತ್ತ ಇಳಿಯುತ್ತದೆಂದು ದಾನವ್ವ ಸೊಸೆಯನ್ನು ಪಾತ್ರೆ ತೊಳೆಯುವ ಮೋರಿಯ ಹತ್ತಿರ ಕೂರಿಸಿ ಬೆನ್ನು ತಿಕ್ಕಿದಳು. ಶಿವಕುಮಾರಿ ಹಲ್ಲು ಕಚ್ಚಿ ಕೂತಳು. ಎದ್ದಾಗ ಬೆನ್ನಿನ ಮೇಲೆ ತಿಕ್ಕಿದಷ್ಟು ಉದ್ದಕ್ಕೂ ಬರೆ ಎಳೆದ ಹಾಗೆ ಉಬ್ಬಿತ್ತು.

"ನೋಡು, ಒಳಗಿಂದೆಲ್ಲಾ ಹೊರಗ ಬರಾಕತ್ತೈತಿ," ಎಂದಳು ದಾನವ್ವ, ಸಮಾಧಾನದಿಂದ.

ಶೆಟ್ಟೆಪ್ಪನ ಔಷಧಿ ಬೇರೆ. "ಬಿಸಲಾಗ ಕುಂಡ್ರವಾ. ಬಿಸಲಿಗೆ ಯಾರಪ್ಪಂದೂ ಅಪ್ಪಣಿ ಬೇಕಿಲ್ಲ."

ಅಪ್ಪಣೆ ಬೇಕಿತ್ತು. ಬಿಲ್ಡಿಂಗಿನ ಟೆರೇಸಿಗೆ ಸೊಸೈಟಿಯವರು ಬೀಗ ಹಾಕಿದ್ದರು. ಸೆಕ್ರೆಟರಿ "ಯಾಕೆ, ಏನಕ್ಕೆ, ಎಷ್ಟು ಹೊತ್ತು" ಎಂದು ಕೇಳಿ ಕೊಡಲಿಲ್ಲ. ಅವಳು ನೇತ್ರಾಳನ್ನು ಬಿಟ್ಟು ಬರುವಾಗ ಗುಡ್ಡದ ಮೆಟ್ಟಿಲ ಮೇಲೆ ಕೂತಳು. ನೀರಿನ ಡಬ್ಬಿ ಹೊತ್ತ ಹೆಂಗಸರು ಅವಳನ್ನು ದಾಟಿಕೊಂಡು ಹೋದರು. ಮನೆ ತಲುಪುವಷ್ಟರಲ್ಲಿ ಬೆವರಿಗೆ ತೋಳೆಲ್ಲ ಎದ್ದಿತ್ತು. ಎರಡೇ ದಿನದಲ್ಲಿ ಕೆಳಗಿನ ಮಹಡಿಯವರು ದಾನವ್ವನನ್ನು ಕೇಳಿದರು: "ಕಾಯ್ ಹೋ, ನಿಮ್ಮ ಸೊಸೆ ರಸ್ತಾದಲ್ಲಿ ಕೂತಿದ್ಲು, ಮನೇಲಿ ಭಾಂಡಣ, ಜಗಳ ಏನು?" ಬಿಸಿಲೂ ಬಂದ್ ಆಯಿತು.

ಉಳಿದದ್ದು ದಿನದ ಮಾತ್ರೆ. ಅದನ್ನು ನುಂಗಿದ ದಿನ ತುರಿಕೆ ತಡೆಯುವಷ್ಟಿರುತ್ತಿತ್ತು, ಆದರೆ ಬೆಳಿಗ್ಗೆ ಕಣ್ಣು ಎಳೆಯುತ್ತಿತ್ತು. ಒಂದು ದಿನ ನೇತ್ರಾಳ ಶಾಲೆಗೆ ತಡವಾಯಿತು.

"ನಶಾದ ಗುಳಿಗಿ ನುಂಗಿ ಬಿದ್ಕೊಂಡಿರ್ತಾಳ," ಎಂದು ದಾನವ್ವ ಊಟದ ಡಬ್ಬಿ ಮುಚ್ಚುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು. "ನಾವೂ ಮಕ್ಕಳನ್ನ ಹಡದೀವಿ. ಕೆರಕೋತ ರೊಟ್ಟಿ ಬಡದೀವಿ."

ಅಂದಿನಿಂದ ಆಕೆಯೇ ಮಾತ್ರೆಯನ್ನು ಮುರಿದು ಅರ್ಧ ಕೊಡತೊಡಗಿದಳು.

ಎರಡು ತಿಂಗಳಾದ ಮೇಲೆ ರಕ್ತದ ರಿಪೋರ್ಟು ಬಂತು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿದರು. ವಿಟಮಿನ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ತೂಕ ಮಾತ್ರ ಇಳಿದಿತ್ತು.

"ಗೋಲಿ ಹರ್ ಹಫ್ತೆ ಲಿಯಾ?" ಗುಳಿಗೆಯನ್ನು ಪ್ರತಿ ವಾರ ತೆಗೆದುಕೊಂಡಳೇ ಎಂದು ಕೇಳಿದರು.

"ಹಾಂ ಡಾಕ್ಟರ್, ಹರ್ ಹಫ್ತೆ," ಎಂದ ಕಾಶಿನಾಥ, ಅವಳು ಬಾಯಿ ತೆರೆಯುವ ಮೊದಲೇ.

"ಏಕ್ ಭೀ ಮಿಸ್ ನಹೀಂ?"

"ನಹೀಂ ನಹೀಂ."

ಡಾಕ್ಟರು ಹಣೆ ಒತ್ತಿಕೊಂಡರು. ಇಷ್ಟು ನುಂಗಿಯೂ ಏರಿಲ್ಲವೆಂದರೆ ಹೊಟ್ಟೆ, ಕರುಳು ಅದನ್ನು ಹೀರುತ್ತಿಲ್ಲ, ತೂಕವೂ ಇಳಿದಿದೆ, ಬಾಯಿಂದ ಪೈಪ್ ಹಾಕಿ ಒಳಗೆ ನೋಡಬೇಕಾದೀತು, ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಅಲ್ಲಿಯವರೆಗೆ ಇಂಜೆಕ್ಷನ್ ಕೊಡೋಣ ಎಂದರು. ಪೆನ್ನು ತೆಗೆದರು. ಕಾಶಿನಾಥ ತಲೆ ಆಡಿಸುತ್ತ ಕೂತಿದ್ದ. ಪೈಪಿಗೂ ಆಡಿಸಿದ, ಇಂಜೆಕ್ಷನ್ನಿಗೂ ಆಡಿಸಿದ.

ಶಿವಕುಮಾರಿಯ ಹಿಂದಿ ಭಾಜಿ ಮಾರ್ಕೆಟ್ಟಿನದು. ಅದರಲ್ಲೇ ಹೇಳಿದಳು:

"ಡಾಕ್ಟರ್, ಮೈ ಆಠ್ ಮೇ ದೋ ಖಾಯಾ. ಬಾಕಿ ಘರ್ ಖಾಯಾ." ಎಂಟರಲ್ಲಿ ಎರಡು ತಾನು, ಉಳಿದದ್ದು ಮನೆ.

"ಘರ್ ಖಾಯಾ? ಮತ್‌ಲಬ್?"

"ಏಕ್ ಸಸುರ್, ಏಕ್ ನನಂದ್, ಏಕ್ ಯೇ," ಎಂದು ಮಾವನನ್ನೂ ನಾದಿನಿಯನ್ನೂ ಬೆರಳಲ್ಲಿ ಎಣಿಸಿ ಗಂಡನ ಕಡೆ ಕೈ ಮಾಡಿದಳು. "ದೋ ಬಾರ್. ಪೂಜಾ ಕೇ ಬಾದ್."

ಡಾಕ್ಟರು ಪೆನ್ನು ಕೆಳಗಿಟ್ಟರು. ಕಾಶಿನಾಥನನ್ನು ನೋಡಿದರು. "ನಿಮಗೆ ಯಾರು ಬರೆದುಕೊಟ್ಟರು ಈ ಗುಳಿಗೆ?" ಎಂದು ಹಿಂದಿಯಲ್ಲಿ ಕೇಳಿದರು. "ಇದೇನು ಪೇಢೆಯೇ? ನನ್ನೆದುರು ಸುಳ್ಳು ಹೇಳಿ ಅವಳ ಹೊಟ್ಟೆಗೆ ಪೈಪ್ ಹಾಕಿಸಲು ಹೊರಟಿದ್ದಿರಲ್ಲ! ಬೇಕಿದ್ದರೆ ನೀವೂ ರಕ್ತ ಕೊಡಿ, ನಿಮಗೂ ನೋಡಿ ಬರೆಯುತ್ತೇನೆ. ಅವಳದ್ದು ಅವಳಿಗೆ."

ಮತ್ತೆ ಅವಳನ್ನು ಕೇಳಿ ಕೇಳಿ ಅರ್ಧ ಮಾತ್ರೆ, ಗಂಜಿ, ಕಂಬಳಿ ಎಲ್ಲ ಹೊರತೆಗೆದರು. ನಿದ್ದೆ ಎಳೆಯದ ಬೇರೆ ಮಾತ್ರೆಯನ್ನೂ ಅದೇ ವಾರದ ಗುಳಿಗೆಯನ್ನೂ ಬರೆದರು. "ಎಲ್ಲ ತಿನ್ನು. ಈ ಗುಳಿಗೆಯನ್ನು ಖಾಲಿ ಹೊಟ್ಟೆಗೆ ಬೇಡ, ಎಣ್ಣೆ ತುಪ್ಪ ಇರುವ ಹೊಟ್ಟೆ ತುಂಬ ಊಟದ ಜೊತೆ ನುಂಗು. ಸೋಮವಾರ ಉಪವಾಸವಾದರೆ ಭಾನುವಾರ ಇಟ್ಟುಕೋ," ಎಂದರು. ಚೀಟಿಯನ್ನು ಕಾಶಿನಾಥನ ಚಾಚಿದ ಕೈಗೆ ಕೊಡದೆ ಅವಳ ಕೈಗೆ ಕೊಟ್ಟರು.

ಅವಳು ಕೆಳಗಿನ ಮೆಡಿಕಲ್‌ನಲ್ಲಿ ತಾನೇ ನಿಂತು ಔಷಧಿ ತೆಗೆದುಕೊಂಡು ಪರ್ಸಿನಲ್ಲಿ ಹಾಕಿಕೊಂಡಳು. ರಿಕ್ಷಾ ಹತ್ತಿದ ಮೇಲೆ ಕಾಶಿನಾಥ ಸಿಡಿದ.

"ನಾ ಹೂಂ ಅಂದಿದ್ನಲ್ಲ? ನೀ ಯಾಕ ಬಾಯಿ ತಗದಿ?"

"ನನ್ನ ಹೊಟ್ಟ್ಯಾಗ ಪೈಪ್ ಹಾಕೂದಕ್ಕ ಹೂಂ ಅಂದ್ರಿ ನೀವು."

"ಏನ್ ಇವತ್ತ ಹಾಕ್ತಿದ್ರೇನು? ಮನಿಗೆ ಬಂದು ನೋಡ್ಕೊಂಡಿದ್ರ ಆಗ್ತಿತ್ತು. ಮಂದಿ ಮುಂದ ನಮ್ಮ ಅವ್ವನ ಮಾನ ಕಳದಿ."

"ನಿಮ್ಮ ಅವ್ವನ ಹೆಸರ ನಾ ತಗದಿಲ್ಲ. ಉಂಡವರ ಹೆಸರ ಹೇಳೀನಿ."

"ಬಾಯಿ ಭಾಳ ಬಂದೈತಿ ನಿನಗ."

"ಮೈ ತುಂಬ ಬಂದೈತಿ. ಬಾಯಿಗೆ ಬಂದ್ರ ಏನಾತು?"

ರಿಕ್ಷಾದವನು ಕನ್ನಡಿಯಲ್ಲಿ ನೋಡಿದ. ಕಾಶಿನಾಥ ಗುಡ್ಡದ ಬುಡದಲ್ಲೇ ಇಳಿದು ಮುಂದೆ ನಡೆದುಬಿಟ್ಟ.

ಅವನು ಮೊದಲು ಮನೆ ಸೇರಿದ್ದರಿಂದ ಸುದ್ದಿ ಅವನ ಬಾಯಿಂದಲೇ ಹೋಗಿತ್ತು. ಅವಳು ಹೊಸ್ತಿಲು ದಾಟುವಾಗ ದಾನವ್ವ ನಡುಮನೆಯಲ್ಲಿ ನಿಂತಿದ್ದಳು.

"ಬಾರವಾ. ಮನಿ ಗುಟ್ಟು ದವಾಖಾನ್ಯಾಗ ಬಿಚ್ಚಿ ಬಂದೀ? ನಾ ವಿಷಾ ಹಾಕೀನಂತ ಬರಸಿ ಬಂದೀಯೇನು?"

"ನನ್ನ ಔಷಧ ನನಗ ಸಿಗಲಿಲ್ಲ ಅಂತ ಹೇಳೀನಿ ಅತ್ತೀ."

"ದೇವರ ಮುಂದ ಇಟ್ಟು ಕೊಟ್ಟೀನಿ! ಎಲ್ಲಾರೂ ಛಲೋ ಇರ್ಲಿ ಅಂತ ಕೊಟ್ಟೀನಿ! ಕಾಶಿನಾಥಗ ನಡಾ ನೋವು, ಇವರಿಗೆ ಮೊಣಕಾಲು. ಯಾಕ, ಅವರು ನಿನಗ ಏನೂ ಅಲ್ಲೇನು? ಗಂಡ ನರಳಲಿ, ನಾ ಒಬ್ಬಾಕಿ ಗಟ್ಟಿ ಆಗ್ಲಿ, ಇದ ಏನು ನಿಮ್ಮ ತವರಾಗ ಕಲಿಸಿದ್ದು?"

"ಹಂಗಾರ ಗಂಜೀನೂ ಎಲ್ಲಾರಿಗೂ ಹಂಚಬೇಕಿತ್ತು," ಎಂದಳು ಶಿವಕುಮಾರಿ. "ಕಂಬಳೀನೂ ತಿಕ್ಕಬೇಕಿತ್ತು, ನಿಮ್ಮ ಮಗನ ಬೆನ್ನಿಗೆ."

"ಕಾಶ್ಯಾ! ಕೇಳಿದೇನೋ?"

"ಶಿವಾ, ಸುಮ್ಮಕಿರು," ಎಂದ ಕಾಶಿನಾಥ.

ಆಫೀಸಿನಿಂದ ಬಂದ ವೈಶಾಲಿ ಬ್ಯಾಗ್ ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. "ಏಕ್ ಮಿನಿಟ್. ಅವ್ವಾ, ವೈನಿದು ಪೂರಾ ಕೋರ್ಸ್ ಇತ್ತಾ ಅದು? ನಾನು ಎಕ್ಸ್‌ಟ್ರಾ ತಂದಾರ ಅಂತ ತಿಂದೆ. ಸುರುದಾಗ ವೈನಿ ಹೇಳಿದ್ಳು, ನಾ ಧ್ಯಾನ ಕೊಡಲಿಲ್ಲ. ಸಿಕ್ ಪರ್ಸನ್‌ದು ದವಾ ಯಾರ್ ತಿಂತಾರ ಅವ್ವಾ? ಯೆ ತೋ ಹದ್ ಐತಿ."

"ನೀ ನುಂಗೂ ಮುಂದ ಛಲೋ ಇತ್ತು? ಈಗ ಹದ್ ಆತು?"

"ಅದಕ್ಕ ಹೇಳಾಕತ್ತೀನಿ, ನಂದೂ ತಪ್ಪೈತಿ. ನಿಂದೂ ಐತಿ. ಅಣ್ಣಂದು ಸಬ್ ಸೇ ಜ್ಯಾದಾ."

ಶೆಟ್ಟೆಪ್ಪ ಟೀವಿಯ ಶಬ್ದ ಹೆಚ್ಚಿಸಿದ.

ಎರಡು ದಿನ ಬಿಟ್ಟು ತೀರ್ಮಾನ ಬಂತು. ಶಿವಕುಮಾರಿ ತವರಿಗೆ ಹೋಗಬೇಕು. ಅಲ್ಲಿ ಬಿಸಿಲಿದೆ, ಹಾಲಿದೆ, ಮೈ ಪೂರಾ ಸ್ವಚ್ಛವಾದ ಮೇಲೆ ಬರಲಿ. ನೇತ್ರಾ ಇಲ್ಲೇ ಇರಲಿ, ಶಾಲೆ ಕೆಡಬಾರದು. ಹೇಳಿದವಳು ದಾನವ್ವ; ಭಾನುವಾರ ರಾತ್ರಿ ಸಾಯನ್‌ನಿಂದ ಹೊರಡುವ ಬಸ್ಸಿಗೆ ಮೊಬೈಲ್‌ನಲ್ಲಿ ಟಿಕೆಟ್ ತೆಗೆದವನು ಕಾಶಿನಾಥ.

"ಎಷ್ಟ ದಿನಕ್ಕ?" ಎಂದು ಕೇಳಿದಳು.

"ಆರಾಮ ಆಗೂ ತನಕ."

"ಡಾಕ್ಟರು ಇದು ವರ್ಷಗಟ್ಟಲೆ ಇರಬಹುದು ಅಂದಾರ. ನೇತ್ರಾ ಅಷ್ಟೂ ದಿನ ನನ್ನ ಬಿಟ್ಟು ಇರಬೇಕೇನು?"

"ನಮ್ಮ ಅವ್ವ ನೋಡ್ಕೋತಾಳ."

"ನೇತ್ರಾನ್ನ ಬಿಟ್ಟು ನಾ ಹೋಗಂಗಿಲ್ಲ."

"ಟಿಕೆಟ್ ತಗದಾಗೈತಿ."

"ನಾ ಕೇಳಿಲ್ಲ ನಿಮಗ."

ಇದನ್ನು ಕೇಳಿ ದಾನವ್ವ ಶನಿವಾರ ಬೆಳಿಗ್ಗೆ ತಾಟು ಹಿಂದಕ್ಕೆ ತಳ್ಳಿದಳು. ಸೊಸೆ ಕಾಲಿಗೆ ಬಿದ್ದು ತಪ್ಪಾಯಿತೆಂದು ಹೇಳಿ ಬಸ್ಸು ಹತ್ತುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ಮನೆಯಲ್ಲಿ ಹಿರಿಯಳು ಉಣ್ಣದೆ ಉಳಿದವರು ತಾಟಿಗೆ ಕೂಡುವಂತಿರಲಿಲ್ಲ. ಮಗುವಿಗೆ ಮಾತ್ರ ವಿನಾಯಿತಿ. ಹಿಂದೆಯೂ ಹೀಗಾಗಿತ್ತು; ಪ್ರತಿ ಸಲವೂ ಒಂದು ಹೊತ್ತು ದಾಟುವಷ್ಟರಲ್ಲಿ ಶಿವಕುಮಾರಿ ಕಾಲು ಮುಟ್ಟಿದ್ದಳು. ಈ ಸಲ ಸಂಜೆಯಾಯಿತು. ಶೆಟ್ಟೆಪ್ಪ ಬೀದಿ ತುದಿಯ ನಾಕಾದವರೆಗೆ ಹೋಗಿ ಬಂದ. ಮೀಸೆಗೆ ವಡಾಪಾವಿನ ಬೆಳ್ಳುಳ್ಳಿ ಚಟ್ನಿ ಅಂಟಿತ್ತು. ಕಾಶಿನಾಥ ಬಿಸ್ಕೀಟು ತಿಂದು ಮಲಗಿದ.

ಭಾನುವಾರ ಮಧ್ಯಾಹ್ನ ಶಿವಕುಮಾರಿ ಅಡುಗೆ ಮಾಡಿದಳು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಅಂಗೈ ಊದಿತ್ತು, ರೊಟ್ಟಿಯನ್ನು ಬೆರಳ ತುದಿಯಿಂದ ಬಡಿದಳು, ಅಂಚು ಸೀಳಿದರೆ ಸೀಳಲಿ ಎಂದು ಬಿಟ್ಟಳು. ಎರಡು ಖೋಲಿಯಲ್ಲಿ ಒಗ್ಗರಣೆಯ ವಾಸನೆ ಹೋಗಲು ಬೇರೆ ಜಾಗವಿರಲಿಲ್ಲ. ಕಾಶಿನಾಥ ಎರಡು ಸಲ ಅಡುಗೆಮನೆಯ ಬಾಗಿಲಿಗೆ ಬಂದು ಹೋದ. ಅವಳ ಬ್ಯಾಗನ್ನು ಅವನೇ ತುಂಬಿ ಚಪ್ಪಲಿಗಳ ಹತ್ತಿರ ಇಟ್ಟಿದ್ದ.

"ಹೋಗವಾ, ಒಂದು ಸಲ ಕಾಲು ಹಿಡಿ," ಎಂದ ಶೆಟ್ಟೆಪ್ಪ ಮೆತ್ತಗೆ. "ನಿನ್ನ ಗಂಟೇನ ಹೋಗ್ತೈತಿ? ಎಲ್ಲಾರೂ ಉಂಡೇವು."

"ಮಾವಾರ, ನಿಮಗ ಹಸಿವಾಗೈತಿ?"

"ಆಗಲಾರದ ಏನು!"

"ನನಗ ಎರಡು ತಿಂಗಳಿಂದ ಆಗೈತಿ."

ಅವಳು ತಾಟು ತೆಗೆದುಕೊಂಡಳು. ಎರಡು ರೊಟ್ಟಿ, ಒಂದು ಸೌಟು ಎಣ್ಣೆಗಾಯಿ, ಹಿಂಡಿ, ಅದರ ಮೇಲೆ ತುಪ್ಪ. ಅಡುಗೆಮನೆಯ ಮೂಲೆಯಲ್ಲಲ್ಲ, ನಡುಮನೆಗೆ ತಂದು, ಎಲ್ಲರ ನಡುವೆ, ಅತ್ತೆಯ ಚಾಪೆಯಿಂದ ಒಂದು ಮೊಳ ದೂರದಲ್ಲಿ ಕೂತಳು. ರೊಟ್ಟಿ ಮುರಿದು ಬಾಯಿಗಿಟ್ಟಳು.

ದಾನವ್ವನ ಬೆನ್ನು ಅಲುಗಿತು. ಆಕೆ ಹೊರಳಿ ನೋಡಿದಳು.

"ನಾ ಇಲ್ಲಿ ಉಪಾಸ ಬಿದ್ದೀನಿ, ನೀ ಉಣಾಕತ್ತಿ?"

"ಹೂಂ ಅತ್ತೀ."

"ಎಲ್ಲಾರ್ಗಿಂತ ಮೊದಲ?"

"ಹೂಂ."

"ಕಾಶ್ಯಾ, ಕೈ ಹಿಡದು ಎಬ್ಬಿಸು ಆಕೀನ್ನ!"

ಕಾಶಿನಾಥ ಎದ್ದ. ವೈಶಾಲಿ ಅವನಿಗಿಂತ ಮೊದಲೇ ಎದ್ದು ಅಡುಗೆಮನೆಗೆ ಹೋಗಿ ಒಂದು ತಾಟು ತಂದು ವೈನಿಯ ಪಕ್ಕದಲ್ಲಿ ಕೂತಳು. "ಎಬ್ಬಿಸೂದಾದ್ರ ಇಬ್ಬರನ್ನೂ ಎಬ್ಬಿಸಬೇಕು, ಅಣ್ಣಾ. ಮೇರಾ ವಜನ್ ಮಾಲೂಮ್ ಐತಿ ನಾ?" ಎಂದು ರೊಟ್ಟಿ ಮುರಿದಳು. ನೇತ್ರಾ ಓಡಿ ಬಂದು ತಾಯಿಯ ತಾಟಿನಿಂದಲೇ ಹಿಂಡಿ ಎತ್ತಿಕೊಂಡಳು.

ಶಿವಕುಮಾರಿ ಪರ್ಸಿನಿಂದ ಪಟ್ಟಿ ತೆಗೆದು ಒಂದು ಗುಳಿಗೆ ಒತ್ತಿ, ಎಲ್ಲರೂ ನೋಡುತ್ತಿದ್ದ ಹಾಗೆಯೇ ನುಂಗಿದಳು. ಉಳಿದ ಮೂರನ್ನು ಪರ್ಸಿಗೆ ಹಾಕಿ ಜಿಪ್ ಎಳೆದಳು. ಕುತ್ತಿಗೆಯ ಪಕ್ಕ ಗಂಧೆ ಏಳುತ್ತಿತ್ತು. ಅದನ್ನು ಮುಚ್ಚಿಕೊಳ್ಳಲೂ ಇಲ್ಲ, ಕೆರೆಯಲೂ ಇಲ್ಲ. ಎರಡನೆಯ ರೊಟ್ಟಿಗೆ ಕೈ ಹಾಕಿದಳು.

ನಿಂತೇ ಇದ್ದ ಕಾಶಿನಾಥ ತಾಯಿಯನ್ನು ನೋಡಿದ, ತಾಟನ್ನು ನೋಡಿದ, ಕೊನೆಗೆ ಕೆಳಗೆ ಕೂತ. "ನನಗೂ ಹಾಕು," ಎಂದ ಸಣ್ಣ ದನಿಯಲ್ಲಿ.

"ಮೊದಲ ಟಿಕೆಟ್ ತಗದು ಹಾಕ್ರಿ."

"ಅಂದ್ರ?"

"ರದ್ದು ಮಾಡ್ರಿ. ನನ್ನ ಮುಂದ."

"ಈಗ ರದ್ದು ಮಾಡಿದ್ರ ರೊಕ್ಕ ವಾಪಸ್ ಬರಂಗಿಲ್ಲ."

"ಹೋಗ್ಲಿ."

"ಕಾಶ್ಯಾ, ಮುಟ್ಟಬ್ಯಾಡ ಮೊಬೈಲಾ!" ಎಂದಳು ದಾನವ್ವ.

ಕಾಶಿನಾಥ ಮೊಬೈಲ್ ಹೊರತೆಗೆದ. ಬೆರಳಿಂದ ಒತ್ತಿದ, ಅದು ಏನೋ ಕೇಳಿತು, ಮತ್ತೆ ಒತ್ತಿದ. ಶಿವಕುಮಾರಿ ಎಡಗೈ ಚಾಚಿ ಮೊಬೈಲ್ ತೆಗೆದುಕೊಂಡು ತಾನೇ ಓದಿ ನೋಡಿ ವಾಪಸು ಕೊಟ್ಟಳು. ಆಮೇಲೆಯೂ ಏಳಲಿಲ್ಲ. ತನ್ನ ತಾಟು ಪೂರ್ತಿ ಮುಗಿಸಿ, ಕೈ ತೊಳೆದು, ಚಪ್ಪಲಿಯ ಹತ್ತಿರವಿದ್ದ ಬ್ಯಾಗನ್ನು ಒಳಖೋಲಿಗೆ ಒಯ್ದು ಸೀರೆಗಳನ್ನು ಒಂದೊಂದಾಗಿ ಕಪಾಟಿನಲ್ಲಿಟ್ಟು ಬಂದಳು.

ದಾನವ್ವ ಚಾಪೆಯ ಮೇಲೆ ಎದ್ದು ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ಗಂಡನೂ ಮಗನೂ ಆಕೆಯ ಕಡೆ ನೋಡದೆ ತಾಟು ಇಟ್ಟುಕೊಂಡು ಕಾಯುತ್ತಿದ್ದರು.

"ನನಗ ಯಾರ ಬಡಸವ್ರು ಹಂಗಾರ?" ಎಂದಳು.

"ರೊಟ್ಟಿ ಬುಟ್ಟ್ಯಾಗ ಅದಾವು ಅತ್ತೀ," ಎಂದಳು ಶಿವಕುಮಾರಿ. "ಎಲ್ಲಾರಿಗೂ ಸಾಲೂವಷ್ಟು ಅದಾವು. ಹಂಚೂದು ನಿಮಗ ಬರ್ತೈತಿ."

ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ನೇತ್ರಾಳ ಕೈ ಹಿಡಿದು, ಟೆರೇಸಿನ ಕೀಲಿ ಕೇಳಲು ಸೆಕ್ರೆಟರಿಯ ಮನೆಗೆ ಹೊರಟಳು.